ಕಾಳಿಯ ಆಚೆ ದಂಡೆ

ಉಪನಗರ ಎಂದೊಡನೆ ನಮಗೆ ನೆನಪಾಗುವುದು ಬೆಂಗಳೂರಿನ ಹೊರವಲಯದಂಥ ಜಾಗಗಳು: ನಗರ ತುಂಬಿ ತುಳುಕಿದ ಮೇಲೆ ಗದ್ದೆಗಳನ್ನು ಸೈಟು ಮಾಡಿ ಎಬ್ಬಿಸಿದ ಬಡಾವಣೆಗಳು. ಕಾರವಾರದ ಮಟ್ಟಿಗೆ ಈ ಲೆಕ್ಕ ತಲೆಕೆಳಗಾಗಿದೆ. ಕಾಳಿ ನದಿಯ ದಕ್ಷಿಣ ದಂಡೆಯಲ್ಲಿ ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯ, ಆಸ್ಪತ್ರೆ, ಮಾರುಕಟ್ಟೆಗಳನ್ನೆಲ್ಲ ಇಟ್ಟುಕೊಂಡು ಕುಳಿತಿರುವ ನಗರಕ್ಕೆ ಉತ್ತರ ದಂಡೆಯ ಸದಾಶಿವಗಡ ಇಂದು ಉಪನಗರವಾಗಿದೆ ಎನ್ನುವುದು ನಿಜ. ಆದರೆ ಕೋಟೆ ಎದ್ದದ್ದು ಆ ದಂಡೆಯಲ್ಲಿ. ಬ್ರಿಟಿಷರು ದೊಡ್ಡ ಬಂದರಿನ ಯೋಜನೆ ಹಾಕಿದಾಗ ಕಾಗದದ ಮೇಲೆ ಬರೆದದ್ದು ಆ ದಂಡೆಯ ಹೆಸರನ್ನು. ಈಗಿನ ಪೇಟೆಯ ಜಾಗದಲ್ಲಿ ಮೀನುಗಾರರ ಕೇರಿಗಳಷ್ಟೇ ಇದ್ದ ಕಾಲಕ್ಕೆ ಹೊರಗಿನವರಿಗೆ ಗೊತ್ತಿದ್ದದ್ದೂ ಅದೇ. ಊರು ಮೊದಲು, ನಗರ ಆಮೇಲೆ ಎಂಬಂತಿರುವ ಈ ಉಪನಗರದ ಸ್ವಭಾವವನ್ನು ಅರ್ಥ ಮಾಡಿಕೊಳ್ಳಬೇಕಾದರೆ ನದಿಯ ಎರಡೂ ಬದಿಯ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಬೇಕು ಎಂದು ನನಗೆ ಬಹಳ ದಿನಗಳಿಂದ ಅನಿಸುತ್ತಿದೆ.

ಆ ಭಾಗದ ಹಳೆಯ ಹೆಸರು ಚಿತ್ತಾಕುಲ. ಗ್ರಾಮ ಪಂಚಾಯಿತಿಯ ಬೋರ್ಡಿನ ಮೇಲೆ ಇಂದಿಗೂ ಉಳಿದಿರುವುದು ಅದೇ ಹೆಸರು. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡು ಬರೆದ ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೋಸಾ ಕಾಳಿ ನದಿಯ ಮುಖದಲ್ಲಿ ‘ಚಿಂತಕೋಲ’ ಎಂಬ ಗಟ್ಟಿ ಠಾಣೆಯಿದ್ದುದನ್ನು, ಅಲ್ಲಿ ಗೋವೆಯ ಸುಲ್ತಾನಿ ಆಡಳಿತದ ಸೈನಿಕರು ಕಾವಲಿದ್ದುದನ್ನು ದಾಖಲಿಸಿದ್ದಾನೆ. ವ್ಯಾಪಾರದ ಊರು ಮಾತ್ರ ಇನ್ನೂ ಒಳಗೆ, ನದಿಯ ದಂಡೆಯ ಕಡವಾಡದಲ್ಲಿತ್ತು. ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲಿ ತೆರೆದ ಕೋಠಿ, ಮೆಣಸು ಮತ್ತು ನಯವಾದ ಬಟ್ಟೆಯ ವಹಿವಾಟು, 1665ರಲ್ಲಿ ಶಿವಾಜಿ ಬಂದು ವಸೂಲು ಮಾಡಿದ ಕಾಣಿಕೆ, ಇವೆಲ್ಲ ಸೇರುವುದು ಆ ಹಳೆಯ ಕಾರವಾರದ ಖಾತೆಗೆ. ಇಂದಿನ ಪೇಟೆಗೂ ಅದಕ್ಕೂ ಹೆಸರಿನ ಸಂಬಂಧ ಬಿಟ್ಟರೆ ಹೆಚ್ಚಿನದೇನೂ ಇಲ್ಲ.

ಗುಡ್ಡದ ಮೇಲಿನ ಕೋಟೆಯನ್ನು ಶಿವಾಜಿ ಕಟ್ಟಿಸಿದನೆಂದು ಊರಿನ ಅರ್ಧ ಜನ ಈಗಲೂ ಹೇಳುತ್ತಾರೆ. ಪ್ರವಾಸಿಗರನ್ನು ಕರೆದುಕೊಂಡು ಬರುವ ಟೆಂಪೊ ಚಾಲಕರಂತೂ ಬೇರೆ ಮಾತನ್ನೇ ಆಡುವುದಿಲ್ಲ. ಶಿವಾಜಿ ತೀರಿಕೊಂಡದ್ದು 1680ರಲ್ಲಿ. ಈ ಕೋಟೆ ಎದ್ದದ್ದು 1715ರ ಸುಮಾರಿಗೆ, ಸೋದೆಯ ಅರಸ ಬಸವಲಿಂಗನ ಕಾಲದಲ್ಲಿ. ತಂದೆ ಸದಾಶಿವನ ನೆನಪಿಗೆ ಗುಡ್ಡಕ್ಕೆ ಈ ಹೆಸರನ್ನಿಟ್ಟವನು ಅವನೇ. ಶಿರಸಿಯ ಪಕ್ಕದ ಕಾಡಿನಲ್ಲಿ ಕುಳಿತಿದ್ದ ಮನೆತನವೊಂದು ಘಟ್ಟವಿಳಿದು ಬಂದು ನದಿಯ ಬಾಯಿಗೆ ಬಾಗಿಲು ಕಟ್ಟಿತು ಎಂಬುದನ್ನು ಗಮನಿಸಬೇಕು. ಘಟ್ಟದ ಮೇಲಿನ ಮೆಣಸು ಸಮುದ್ರಕ್ಕೆ ಇಳಿಯಲು ನದಿಯೇ ದಾರಿಯಾಗಿದ್ದ ಕಾಲದಲ್ಲಿ ನದಿಯ ಬಾಯಿ ಯಾರ ಕೈಯಲ್ಲಿರುತ್ತದೋ ಸುಂಕವೂ ಅವರದ್ದೇ. ಪೋರ್ಚುಗೀಸರಿಗೂ ಇದು ಚೆನ್ನಾಗಿ ತಿಳಿದಿತ್ತು. 1752ರಲ್ಲಿ ಅವರು ಕೋಟೆಯನ್ನು ಹಿಡಿದು, ಭದ್ರಪಡಿಸಿ, ‘ಪಿರೊ’ ಎಂಬ ಹೆಸರಿನಿಂದ ತಮ್ಮ ಪಟ್ಟಿಗೆ ಸೇರಿಸಿಕೊಂಡರು. ಎರಡು ವರ್ಷಗಳ ನಂತರ ಗೋವೆಯಲ್ಲಿ ವೈಸರಾಯ್ ಬದಲಾದಾಗ ಅದು ಸೋದೆಗೆ ಮರಳಿತು. 1763ರಲ್ಲಿ ಹೈದರಾಲಿಯ ಸೈನ್ಯ ಬಂತು.

ಸೋದೆಯ ಅರಸ ಆಗ ಓಡಿದ್ದು ಗೋವೆಗೆ. ಪೋರ್ಚುಗೀಸರು ಅವನಿಗೆ ಆಶ್ರಯವನ್ನೂ ವರ್ಷಾಶನವನ್ನೂ ಕೊಟ್ಟು, ಅದಕ್ಕೆ ಬದಲಾಗಿ ಅವನ ಸೀಮೆಗೆ ಸೇರಿದ್ದ ಫೋಂಡಾ, ಸಾಂಗೆ, ಕೇಪೆ, ಕಾಣಕೋಣಗಳನ್ನು ತಮ್ಮದಾಗಿಸಿಕೊಂಡರು. ಅರಸನ ವಂಶದವರು ಫೋಂಡಾದ ಬಳಿಯ ಬಾಂದೋಡೆಯಲ್ಲಿ ನೆಲೆ ನಿಂತರು. ಕಾಣಕೋಣದಿಂದ ಕಾಳಿಯವರೆಗೆ ಒಂದೇ ಸೀಮೆಯಾಗಿದ್ದ ನಾಡು ಹೀಗೆ ಎರಡಾಯಿತು. ಮಾಜಾಳಿ ಮತ್ತು ಪೊಳೆಂ ನಡುವಿನ ಗೆರೆ ಈ ಒಪ್ಪಂದದಿಂದ ಹುಟ್ಟಿದ್ದು. ಮುಂದೆ ಅದು ಎರಡು ಸಾಮ್ರಾಜ್ಯಗಳ ಗಡಿಯಾಯಿತು. 1961ರ ಡಿಸೆಂಬರ್ 19ರವರೆಗೆ ಎರಡು ದೇಶಗಳ ಗಡಿಯಾಗಿತ್ತು. ಈಗ ಎರಡು ರಾಜ್ಯಗಳದ್ದು. ಸದಾಶಿವಗಡದ ಮನೆಗಳಿಂದ ಕಾಣಕೋಣಕ್ಕೆ ಹೆಣ್ಣು ಕೊಟ್ಟು ತರುವ ಸಂಬಂಧಗಳು ಇವತ್ತಿಗೂ ಎಷ್ಟು ಸಲೀಸಾಗಿ ನಡೆಯುತ್ತವೆ ಎಂಬುದನ್ನು ನೋಡಿದರೆ, ಆ ಗೆರೆ ಚೆಕ್‌ಪೋಸ್ಟಿನವರಿಗೆ ಕಾಣುವಷ್ಟು ಬೀಗರಿಗೆ ಕಾಣುತ್ತಿಲ್ಲ ಎನಿಸುತ್ತದೆ.

ಈ ಊರಿನ ಚರಿತ್ರೆಯಲ್ಲಿ ನನಗೆ ಅತ್ಯಂತ ಕುತೂಹಲದ ಅಧ್ಯಾಯವೆಂದರೆ ಹತ್ತಿಯದು. ಲ್ಯಾಂಕಾಶೈರಿನ ಗಿರಣಿಗಳು ಅಮೆರಿಕದ ಹತ್ತಿಯನ್ನೇ ನಂಬಿ ನಡೆಯುತ್ತಿದ್ದ ದಿನಗಳಲ್ಲಿ, ಆ ಪೂರೈಕೆ ಎಂದಾದರೂ ನಿಂತರೆ ಗತಿಯೇನು ಎಂದು ಹೆದರಿದ ವ್ಯಾಪಾರಿಗಳ ಕಣ್ಣು ಧಾರವಾಡ ಸೀಮೆಯ ಕಪ್ಪು ಮಣ್ಣಿನ ಮೇಲೆ ಬಿತ್ತು. ಅಲ್ಲಿಯ ಹತ್ತಿಯನ್ನು ಮುಂಬೈವರೆಗೆ ಸಾಗಿಸುವ ಬದಲು ಘಟ್ಟ ಇಳಿಸಿ ನೇರವಾಗಿ ಹಡಗಿಗೆ ತುಂಬಬಹುದಾದ ಬಂದರನ್ನು ಹುಡುಕಿದಾಗ ಸಿಕ್ಕಿದ್ದು ಕಾಳಿಯ ಮುಖ. 1860ರ ಆಸುಪಾಸಿನ ಇಂಗ್ಲಿಷ್ ಕಾಗದಪತ್ರಗಳಲ್ಲಿ ಈ ಯೋಜನೆಯ ಬಂದರಿಗೆ ಇದ್ದ ಹೆಸರು ‘ಸೆದಾಶೆಗುರ್’. ಕಾರವಾರ ಎಂಬ ಹೆಸರು ಆಗಿನ್ನೂ ಹಿಂದಿನ ಸಾಲಿನಲ್ಲಿತ್ತು. ಮ್ಯಾಂಚೆಸ್ಟರಿನಲ್ಲಿ ಇದಕ್ಕಾಗಿಯೇ ಹುಟ್ಟಿಕೊಂಡ ಹತ್ತಿ ಕಂಪನಿಯೊಂದು ಯಂತ್ರಗಳನ್ನು ಹಡಗಿಗೆ ಹಾಕಿ, ತನ್ನ ಪ್ರತಿನಿಧಿಯನ್ನೂ ಕಳುಹಿಸಿತು. ಅವನು ಬಂದು ನೋಡಿದರೆ ಘಟ್ಟದ ರಸ್ತೆ ಮುಗಿದಿರಲಿಲ್ಲ, ಸಾಮಾನು ಇಳಿಸಲು ಸರಿಯಾದ ಧಕ್ಕೆಯೂ ಇರಲಿಲ್ಲ. ಮದ್ರಾಸ್ ಸರ್ಕಾರಕ್ಕೆ ಈ ಕೆಲಸದಲ್ಲಿ ಆಸಕ್ತಿಯಿಲ್ಲ ಎಂಬ ದೂರು ಲಂಡನ್‌ವರೆಗೆ ಹೋಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಡವೂ ಇತ್ತು. ಜಿಲ್ಲಾ ಕೇಂದ್ರ ಹೊನ್ನಾವರದಿಂದ ಇಲ್ಲಿಗೆ ಬಂದದ್ದೂ ಆಗಲೇ.

ಆದರೆ ಬಂದದ್ದು ದಕ್ಷಿಣ ದಂಡೆಗೆ. ಅದಕ್ಕೆ ಕಾರಣ ಮರಳು ಮತ್ತು ಮಳೆಗಾಳಿ. ಕಾಳಿಯ ಬಾಯಿಯಲ್ಲಿ ಮರಳಿನ ದಿಬ್ಬ ಕಟ್ಟಿಕೊಳ್ಳುತ್ತದೆ, ದೊಡ್ಡ ಹಡಗು ಒಳಗೆ ಬರಲಾಗದು. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕಿರುವ ಬೈತಖೋಲದ ಕೊಲ್ಲಿಗೆ ನೈಋತ್ಯದ ಗಾಳಿಯಿಂದ ಗುಡ್ಡವೇ ಮರೆ. ಹಡಗು ನಿಲ್ಲುವ ಕಡೆ ಸುಂಕದ ಕಟ್ಟೆ, ಸುಂಕದ ಕಟ್ಟೆಯ ಕಡೆ ಕಚೇರಿ, ಕಚೇರಿಯ ಕಡೆ ಬಂಗಲೆ, ಬಂಗಲೆಗಳ ಹಿಂದೆ ಪೇಟೆ. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬೆಳಗುವ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು. ಸದಾಶಿವಗಡದ ಹೆಸರಿನಲ್ಲಿ ಬಂದ ಭಾಗ್ಯ ಕಾರವಾರದ ಮನೆ ಸೇರಿತು.

ಆ ಭಾಗ್ಯವೂ ಬಹಳ ದಿನ ಉಳಿಯಲಿಲ್ಲ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದು ಹತ್ತಿಯ ದರ ಇಳಿಯಿತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಎಂಬ ಮಾತು ಕಡತದಲ್ಲೇ ತಿರುಗುತ್ತಿರುವಾಗ, 1880ರ ದಶಕದಲ್ಲಿ ಪೋರ್ಚುಗೀಸ್ ಗೋವೆಯ ಮೂಲಕ ಮುರಗಾಂವಿಗೆ ಹಳಿ ಬಿದ್ದು, ಘಟ್ಟದ ಮೇಲಿನ ಸರಕೆಲ್ಲ ಆ ಕಡೆ ಹೊರಳಿತು. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕಾಗಿ ಇವತ್ತಿಗೂ ಮನವಿ ಕೊಡುತ್ತಿರುವ ನಾವು ಆ ಹಳೆಯ ಸರದಿಯಲ್ಲೇ ನಿಂತಿದ್ದೇವೆ. 1883ರಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ಯುವಕ ರವೀಂದ್ರನಾಥ ಠಾಕೂರರು ಕಂಡದ್ದು ಹೀಗೆ ದೊಡ್ಡದಾಗಲು ಹೊರಟು ಅರ್ಧಕ್ಕೆ ನಿಂತ, ಸದ್ದಿಲ್ಲದ ಊರನ್ನು. ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ಅವರು ಪ್ರೀತಿಯಿಂದ ನೆನೆದಿದ್ದಾರೆ. ಅವರ ಹೆಸರನ್ನು ನಗರ ತನ್ನ ಕಡಲತೀರಕ್ಕೆ ಇಟ್ಟುಕೊಂಡಿದೆ. ನದಿಗೆ ಆ ಮರ್ಯಾದೆ ಸಿಕ್ಕಿಲ್ಲ.

ಇದಾದ ಮೇಲೆ ಸುಮಾರು ನೂರು ವರ್ಷಗಳ ಕಾಲ ಎರಡು ದಂಡೆಗಳನ್ನು ಕೂಡಿಸಿದ್ದು ತಾರಿ. ಕೋಡಿಬಾಗದ ಧಕ್ಕೆಯಿಂದ ಆಚೆ ದಂಡೆಗೆ ಜನರನ್ನು ಸಾಗಿಸುವ ದೋಣಿಗಳಿದ್ದವು, ವಾಹನಗಳಿಗೆ ಬಾರ್ಜ್ ಇತ್ತು. ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ದಾಟಿದ್ದು ಮಸುಕಾಗಿ ನೆನಪಿದೆ. ಅಪ್ಪ ಶಾಲಾ ಮಾಸ್ತರರಾಗಿದ್ದರು. ದೋಣಿಯ ಹಲಗೆಯ ಮೇಲೆ ಒಂದು ಬದಿಗೆ ಖಾಲಿ ಮೀನಿನ ಬುಟ್ಟಿಗಳು, ಇನ್ನೊಂದು ಬದಿಗೆ ಸಂತೆಯ ಚೀಲಗಳು, ನಡುವೆ ಮಡಚಿದ ಕೊಡೆಗಳ ರಾಶಿ. ಚುಕ್ಕಾಣಿ ಹಿಡಿದ ತಾಂಡೇಲ ಎಲ್ಲರನ್ನೂ ಕಣ್ಣಲ್ಲೇ ತೂಗಿ, “ಮಾಸ್ತರೇ, ನೀವು ನಡುವೆ ಬನ್ನಿ, ಹುಡುಗನ್ನ ಅಂಚಿಗೆ ಬಿಡಬೇಡಿ” ಎಂದು ಹೇಳಿ, ಜನ ಸಮನಾಗಿ ಕೂತ ಮೇಲೆಯೇ ಹಗ್ಗ ಬಿಚ್ಚುತ್ತಿದ್ದ. ಇಳಿತದ ಹೊತ್ತಿನಲ್ಲಿ ಅವನು ದೋಣಿಯ ಮೂತಿಯನ್ನು ಗುಡ್ಡದ ಕಡೆ ಇಡದೆ ನದಿಯ ಮೇಲ್ಮುಖಕ್ಕೆ ಓರೆಯಾಗಿ ಇಡುತ್ತಿದ್ದ. ನೀರು ಸಮುದ್ರದ ಕಡೆ ಎಳೆಯುತ್ತಿದ್ದುದರಿಂದ ದೋಣಿ ಸರಿಯಾಗಿ ಆಚೆಯ ಧಕ್ಕೆಗೇ ಹೋಗಿ ಮುಟ್ಟುತ್ತಿತ್ತು. ಆಷಾಢದ ಗಾಳಿಯಲ್ಲಿ ತಾರಿ ನಿಂತರೆ ನಿಂತಿತೇ. ಹೆರಿಗೆ ನೋವಿನವರು, ಕೋರ್ಟಿನ ತಾರೀಖು ಇದ್ದವರು, ಪರೀಕ್ಷೆಯ ಮಕ್ಕಳು ದಂಡೆಯಲ್ಲೇ ಕಾಯಬೇಕಾಗಿತ್ತು ಎಂದು ಹಿರಿಯರು ಹೇಳುತ್ತಿದ್ದರು. ಅದನ್ನು ಕೇಳಿದ್ದರಿಂದ ನನಗೆ ತಾರಿಯ ಕಾಲದ ಬಗ್ಗೆ ಹಂಬಲ ಅಷ್ಟಾಗಿ ಇಲ್ಲ.

ತಾರಿಯ ಕಾಲದಲ್ಲಿ ಸದಾಶಿವಗಡ ಉಪನಗರವಾಗಿರಲಿಲ್ಲ. ದಾಟುವುದು ಕಷ್ಟವಾಗಿದ್ದರಿಂದಲೇ ಅಲ್ಲಿ ತನ್ನದೇ ಅಂಗಡಿಗಳು, ತನ್ನದೇ ಶಾಲೆಗಳು, ತನ್ನದೇ ವೈದ್ಯರು ಇರಬೇಕಾಗಿತ್ತು. ದುರ್ಗಾದೇವಿಯ ಗುಡಿ, ದರ್ಗಾ, ಇಗರ್ಜಿಗಳ ಸುತ್ತ ಒಂದು ಪೂರ್ಣವಾದ ಊರಿತ್ತು. 1980ರ ದಶಕದ ಆರಂಭದಲ್ಲಿ ಹೆದ್ದಾರಿಯ ಸೇತುವೆ ತೆರೆದುಕೊಂಡಾಗ ಅರ್ಧ ದಿನದ ಕೆಲಸ ಹತ್ತು ನಿಮಿಷದ್ದಾಯಿತು. ಕೋಟೆಯ ಗುಡ್ಡವನ್ನು ಸೀಳಿ ರಸ್ತೆ ಮಾಡಿದರು. ಇಂದು ಬಸ್ಸಿನಲ್ಲಿ ಹೋಗುವವರಿಗೆ ಕಾಣುವ ಕೋಟೆಯೆಂದರೆ ಎರಡೂ ಬದಿಗೆ ಕಡಿದು ನಿಲ್ಲಿಸಿದ ಗುಡ್ಡದ ಗೋಡೆ ಮಾತ್ರ. ಹೈದರನ ಸೈನ್ಯವೂ ಪೋರ್ಚುಗೀಸರ ಫಿರಂಗಿಯೂ ಮಾಡದ ಕೆಲಸವನ್ನು ಲೋಕೋಪಯೋಗಿ ಯಂತ್ರಗಳು ಮಾಡಿದವು. ಬಟ್ಟೆಗೆ, ಬಂಗಾರಕ್ಕೆ, ಭಾನುವಾರದ ಸಂತೆಗೆ ಜನ ಸೇತುವೆ ದಾಟತೊಡಗಿದ ಮೇಲೆ ಸದಾಶಿವಗಡದ ಅಂಗಡಿಗಳು ಒಂದೊಂದಾಗಿ ಕುಗ್ಗಿದವು. ಉಪನಗರವಾಗುವುದು ಎಂದರೆ ಇದೇ ಎಂದು ನನ್ನ ತಿಳುವಳಿಕೆ: ಮನೆಗಳು ಹೆಚ್ಚುತ್ತವೆ, ಅಂಗಡಿಗಳು ಕಡಿಮೆಯಾಗುತ್ತವೆ.

ಮನೆಗಳು ಹೆಚ್ಚಲು ನಗರದ ಇಕ್ಕಟ್ಟೂ ಕಾರಣ. ಕಾರವಾರಕ್ಕೆ ಪಶ್ಚಿಮದಲ್ಲಿ ಸಮುದ್ರ, ಪೂರ್ವದಲ್ಲಿ ಗುಡ್ಡ. ದಕ್ಷಿಣಕ್ಕೆ ಬಿಣಗಾ, ಅರಗಾಗಳ ಕಡೆ ಬೆಳೆಯಬಹುದಾಗಿತ್ತು. ಅಲ್ಲಿ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆ ಬಂದು, 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆಯಾಗಿ ಕಾರ್ಯಾರಂಭ ಮಾಡಿತು. ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳು ಅದಕ್ಕೆ ಜಾಗ ಕೊಟ್ಟವು. ಆ ದಾರಿ ಮುಚ್ಚಿದ ಮೇಲೆ ನಗರ ಚಾಚಿಕೊಳ್ಳಲು ಉಳಿದದ್ದು ರೈಲು ನಿಲ್ದಾಣವಿರುವ ಶಿರವಾಡದ ಬದಿ ಮತ್ತು ನದಿಯಾಚೆಯ ಸದಾಶಿವಗಡದ ಬದಿ. ನಿರಾಶ್ರಿತರಾದವರಲ್ಲಿ ಕೆಲವರಿಗೆ ಚಿತ್ತಾಕುಲದ ಕಾಲೊನಿಯಲ್ಲಿ ನಿವೇಶನ ಸಿಕ್ಕಿತು. ಬೆಳಿಗ್ಗೆ ಎದ್ದರೆ ಕಣ್ಣೆದುರು ಕಡಲಿದ್ದ ಮೀನುಗಾರರ ಮನೆಗಳು ಅಳತೆಯ ಸೈಟುಗಳ ಸಾಲಿಗೆ ಬಂದು ಕುಳಿತವು. ಬಲೆ ಒಣಗಿಸಲು ಅಂಗಳ ಸಾಲದು, ದೋಣಿ ಎಳೆದಿಡಲು ಮರಳಿನ ದಂಡೆ ಹತ್ತಿರವಿಲ್ಲ. ಪರಿಹಾರದ ಮೊತ್ತಕ್ಕಾಗಿ ಅವರಲ್ಲಿ ಹಲವರು ವರ್ಷಗಟ್ಟಲೆ ಕೋರ್ಟು ಅಲೆದರು. ಸದಾಶಿವಗಡದ ಹೊಸ ಮುಖದಲ್ಲಿ ಈ ಜನರ ಪಾಲು ದೊಡ್ಡದು, ಆದರೂ ಊರಿನ ಚರಿತ್ರೆ ಹೇಳುವವರು ಕೋಟೆಯ ಹತ್ತಿರವೇ ನಿಂತುಬಿಡುತ್ತಾರೆ.

ಇಷ್ಟು ಬೆಳೆದರೂ ನಗರಸಭೆಯ ಗಡಿ ನದಿಯ ಈಚೆಗೇ ಮುಗಿಯುತ್ತದೆ. ಆಚೆ ಕಡೆ ಪಂಚಾಯಿತಿ ಆಡಳಿತ. ಬಹುಮಹಡಿ ಕಟ್ಟಡ ಎದ್ದಿದೆ, ಅದರ ಕೊಳಚೆ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಹಳ್ಳಿಯ ಕಾಲದ ಚರಂಡಿಯೇ ಉತ್ತರ. ಬೇಸಿಗೆಯಲ್ಲಿ ಬಾವಿಗಳಿಗೆ ಉಪ್ಪು ನೀರು ಹತ್ತುವ ಜಾಗದಲ್ಲಿ ಇದು ಸಣ್ಣ ವಿಷಯವೇನಲ್ಲ. ನಗರಸಭೆಗೆ ಸೇರಿದರೆ ಮನೆ ಕರ ಏರುತ್ತದೆ ಎಂದು ಹಳಬರು ಹಿಂಜರಿಯುತ್ತಾರೆ, ಸೇರದಿದ್ದರೆ ಸೌಲಭ್ಯ ಬರುವುದಿಲ್ಲ ಎಂದು ಹೊಸಬರು ಗೊಣಗುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ, ಆದರೆ ಚರಂಡಿಯ ಮಟ್ಟಿಗೆ ನಾನು ಹೊಸಬರ ಪಕ್ಷ.

ಭಾಷೆಯ ವಿಷಯದಲ್ಲಿ ಈ ಊರು ಯಾವ ಪಕ್ಷಕ್ಕೂ ಪೂರ್ತಿ ಸೇರಿಲ್ಲ. ಮನೆಯ ಮಾತು ಬಹುಪಾಲು ಕೊಂಕಣಿ. ಶಾಲೆ, ಕಚೇರಿಗಳದ್ದು ಕನ್ನಡ. ಮುಂಬೈ ಪ್ರಾಂತ್ಯದ ಕಾಲದಲ್ಲಿ ಕಲಿತ ಹಿರಿಯರಿಗೆ ಮರಾಠಿ ಅಕ್ಷರವೇ ಮೊದಲು ಗೊತ್ತು, ಗುಡಿಯ ಭಜನೆಯಲ್ಲಿ ತುಕಾರಾಮನ ಅಭಂಗವೂ ದಾಸರ ಪದವೂ ಒಂದರ ಬೆನ್ನಿಗೆ ಒಂದು ಬರುತ್ತವೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ನಂತರವೂ ಕಾರವಾರದ ಮೇಲೆ ಮಹಾರಾಷ್ಟ್ರದ ಹಕ್ಕುಸಾಧನೆ ನಿಲ್ಲಲಿಲ್ಲ. ವೇದಿಕೆಗಳ ಮೇಲೆ ಆ ಗಲಾಟೆ ನಡೆಯುತ್ತಿರುವಾಗ ಇಲ್ಲಿಯ ಅಕ್ಕೋರುಗಳು ಕೊಂಕಣಿ ಮಕ್ಕಳಿಗೆ ಕೊಂಕಣಿಯಲ್ಲೇ ಅರ್ಥ ಹೇಳಿ ಕನ್ನಡದ ಕಾಗುಣಿತ ತಿದ್ದಿಸುತ್ತಿದ್ದರು. ಗಡಿಯಲ್ಲಿ ಕನ್ನಡ ಉಳಿದಿರುವುದಕ್ಕೆ ಭಾಷಣಕಾರರಿಗಿಂತ ಈ ಅಕ್ಕೋರುಗಳೇ ಹೆಚ್ಚು ಕಾರಣ ಎಂದು ನಾನು ನಂಬಿದ್ದೇನೆ.

ಬೆಳಿಗ್ಗೆ ಏಳರ ಸುಮಾರಿಗೆ ಸದಾಶಿವಗಡದ ಹೆದ್ದಾರಿಯ ಪಕ್ಕ ನಿಂತವರನ್ನು ನೋಡಿದರೆ ಊರಿನ ಈಗಿನ ಸ್ಥಿತಿ ತಿಳಿಯುತ್ತದೆ. ರಸ್ತೆಯ ಪೂರ್ವ ಬದಿಯಲ್ಲಿ ಕಾರವಾರದ ಬಸ್ಸಿಗೆ ಕಾಯುವವರು: ಸಮವಸ್ತ್ರದ ಮಕ್ಕಳು, ಕಚೇರಿಯ ಗುಮಾಸ್ತರು, ತಿಸ್ರೆ ಚಿಪ್ಪಿಯ ಚೀಲದಿಂದ ನೀರು ತೊಟ್ಟಿಕ್ಕದಂತೆ ಕೆಳಗೆ ಬಕೆಟ್ ಇಟ್ಟುಕೊಂಡ ಹೆಂಗಸರು. ಪಶ್ಚಿಮ ಬದಿಯಲ್ಲಿ ಗೋವೆಯ ಕಂಪನಿಗಳ ಬಸ್ಸಿಗೆ ಕಾಯುವ ಹುಡುಗ ಹುಡುಗಿಯರು: ಕೊರಳಲ್ಲಿ ಗುರುತಿನ ಚೀಟಿ, ಬೆನ್ನ ಚೀಲದಲ್ಲಿ ಡಬ್ಬಿ. ವೆರ್ಣಾ, ಮಡಗಾಂವಿನ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಅವರು ರಾತ್ರಿಗೆ ಮರಳುತ್ತಾರೆ. ಕೆಲವರು ಅಸ್ನೋಟಿಯಲ್ಲಿ ರೈಲು ಹಿಡಿಯುತ್ತಾರೆ. ದೊಡ್ಡ ಕಾಯಿಲೆಯಾದರೆ ಇಲ್ಲಿಯವರು ಮೊದಲು ನೆನೆಯುವುದು ಗೋವೆಯ ಬಾಂಬೋಳಿ ಆಸ್ಪತ್ರೆಯನ್ನು. 2020ರ ಲಾಕ್‌ಡೌನಿನಲ್ಲಿ ಪೊಳೆಂ ಗೇಟು ಮುಚ್ಚಿದಾಗ ಎಷ್ಟೋ ಮನೆಗಳ ಸಂಬಳವೂ ಅದರ ಜೊತೆಗೇ ನಿಂತಿತು. ಹಾಗಾಗಿ ಸದಾಶಿವಗಡ ಕಾರವಾರದ ಉಪನಗರವೋ, ಗೋವೆಯದ್ದೋ ಎಂದು ಕೇಳಿದರೆ ಉತ್ತರ ರಸ್ತೆಯ ಯಾವ ಬದಿಯಲ್ಲಿ ಕೇಳುತ್ತೀರಿ ಎಂಬುದರ ಮೇಲಿದೆ. ಮೂರನೆಯದೊಂದು ದಿಕ್ಕೂ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಇಲ್ಲಿಂದ ಅಣಶಿ ಘಟ್ಟ ಹತ್ತಿ ಜೊಯಿಡಾ, ದಾಂಡೇಲಿ ಹಾಯ್ದು ಹೋಗುವ ರಾಜ್ಯ ಹೆದ್ದಾರಿಯ ಅಧಿಕೃತ ಹೆಸರು ಸದಾಶಿವಗಡ–ಔರಾದ. ಅದರ ಇನ್ನೊಂದು ತುದಿ ಬೀದರ್ ಜಿಲ್ಲೆಯಲ್ಲಿದೆ. ಉಪನಗರ ಎನಿಸಿಕೊಂಡ ಊರಿನ ಹೆಸರಿನಿಂದ ರಾಜ್ಯದ ಈ ಮೂಲೆಯಿಂದ ಆ ಮೂಲೆಗೆ ರಸ್ತೆ ಹೊರಡುತ್ತದೆ, ಕಾರವಾರದ ಹೆಸರಿನಿಂದಲ್ಲ.

2024ರ ಆಗಸ್ಟ್ 7ರ ನಸುಕಿನಲ್ಲಿ, ಗಂಟೆ ಒಂದರ ಸುಮಾರಿಗೆ, ಹಳೆಯ ಸೇತುವೆ ಕುಸಿದು ಕಾಳಿಗೆ ಬಿತ್ತು. ಆ ಹೊತ್ತಿಗೆ ಅದರ ಮೇಲಿದ್ದದ್ದು ಒಂದು ಲಾರಿ. ಚಾಲಕ ಮುಳುಗುತ್ತಿದ್ದ ಲಾರಿಯ ತಲೆಯ ಮೇಲೆ ಹತ್ತಿ ನಿಂತಿದ್ದ. ಮೀನುಗಾರರು ಮತ್ತು ಪೊಲೀಸರು ದೋಣಿಯಲ್ಲಿ ಹೋಗಿ ಅವನನ್ನು ಬದುಕಿಸಿ ತಂದರು. ಚತುಷ್ಪಥಕ್ಕಾಗಿ ಪಕ್ಕದಲ್ಲೇ ಕಟ್ಟಿದ್ದ ಹೊಸ ಸೇತುವೆಯನ್ನೂ ತಪಾಸಣೆಗಾಗಿ ಕೆಲಹೊತ್ತು ಮುಚ್ಚಬೇಕಾಯಿತು. ಅಷ್ಟು ಹೊತ್ತು ಸದಾಶಿವಗಡ ಮತ್ತೆ ಆಚೆ ದಂಡೆಯಾಗಿತ್ತು. ನದಿಯಾಚೆ ಆಸ್ಪತ್ರೆಯಲ್ಲಿ ರೋಗಿಯನ್ನಿಟ್ಟವರು, ಮಾಜಾಳಿಯ ಎಂಜಿನಿಯರಿಂಗ್ ಕಾಲೇಜಿಗೆ ಕಾರವಾರದಿಂದ ಹೊರಟವರು, ಗೋವೆಯ ಪಾಳಿಗೆ ತಡವಾದವರು ಎರಡು ದಂಡೆಗಳಲ್ಲೂ ಫೋನು ಹಿಡಿದು ನಿಂತಿದ್ದರು. ಆಮೇಲೆ ಹೋಗುವ, ಬರುವ ವಾಹನಗಳನ್ನೆಲ್ಲ ಒಂದೇ ಸೇತುವೆಯ ಮೇಲೆ ಬಿಟ್ಟರು.

ಅಂದಿನಿಂದ ಎಲ್ಲರೂ ಮಾತಾಡುವುದು ಬಿದ್ದ ಸೇತುವೆಯ ಜಾಗಕ್ಕೆ ಬರಬೇಕಾದ ಇನ್ನೊಂದು ಸೇತುವೆಯ ಬಗ್ಗೆ. ಅದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೆ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಪ್ರಯಾಣಿಕರ ದೋಣಿಯನ್ನೂ ಮತ್ತೆ ಶುರು ಮಾಡಬೇಕೆಂಬುದು ನನ್ನ ಅಭಿಪ್ರಾಯ, ಪ್ರವಾಸಿಗರಿಗಾಗಿ ಅಲ್ಲ, ದಿನದ ಓಡಾಟಕ್ಕಾಗಿ. ಧಕ್ಕೆಗೆ ಜಾಗವಿದೆ, ದೋಣಿ ನಡೆಸಬಲ್ಲವರು ದೇವಬಾಗದಲ್ಲೂ ಕೋಡಿಬಾಗದಲ್ಲೂ ಇದ್ದಾರೆ, ಲಾರಿ ಬಿದ್ದ ರಾತ್ರಿ ಕೆಲಸಕ್ಕೆ ಬಂದದ್ದು ಅವರ ದೋಣಿಯೇ. ಆದರೆ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡದ್ದನ್ನು ಈ ಊರು ಮರೆತಿಲ್ಲ. ಆದ್ದರಿಂದ ದೋಣಿಗೆ ಎಷ್ಟು ಜನ ಎಂಬುದು ಧಕ್ಕೆಯಲ್ಲೇ ಬರೆದಿರಬೇಕು, ತಲೆಗೊಂದು ಜೀವರಕ್ಷಕ ಜಾಕೆಟ್ ಇರಬೇಕು, ಗಾಳಿ ಎದ್ದ ದಿನ ದೋಣಿ ಬಿಡುವುದಿಲ್ಲ ಎನ್ನುವ ಅಧಿಕಾರ ತಾಂಡೇಲನಿಗೇ ಇರಬೇಕು. ಪಂಚಾಯಿತಿ ಒಂದು ಬದಿಯ ಧಕ್ಕೆಯನ್ನು, ನಗರಸಭೆ ಇನ್ನೊಂದು ಬದಿಯದ್ದನ್ನು ನೋಡಿಕೊಳ್ಳಲಿ. ಎರಡು ಸಂಸ್ಥೆಗಳೂ ಒಂದೇ ಮೇಜಿಗೆ ಬಂದು ಕೂರಲು ಅಷ್ಟಾದರೂ ಕಾರಣ ಸಿಕ್ಕಂತಾಗುತ್ತದೆ.